ನಾಲ್ಕು ತಂತಿಯ ಒರೆಗಲ್ಲು

ತಂಬೂರಿಯನ್ನು ಶ್ರುತಿಗೊಳಿಸಿ ಬಲ್ಲವರೆಲ್ಲರಿಗೂ ಪರಿಚಿತವಾದ ಒಂದು ಅನುಭವವುಂಟು. ಬಿರಡೆಗಳನ್ನು ತಿರುಗಿಸಿ ಪಂಚಮ, ಸಾರಣೆ, ಅನುಸಾರಣೆ, ಮಂದ್ರ ಎಂಬ ನಾಲ್ಕು ತಂತಿಗಳನ್ನು ಬಿಗಿದು, ಮಣಿಗಳನ್ನು ನಯವಾಗಿ ಸರಿಸಿ, ಕುದುರೆಯ ಮೇಲಣ ಜೀವಾಳದ ದಾರವನ್ನು ಕೂದಲೆಳೆಯಷ್ಟು ಹಿಂದಕ್ಕೂ ಮುಂದಕ್ಕೂ ಜರುಗಿಸುತ್ತ ಕುಳಿತಿರುವಾಗ, ಷಡ್ಜ ಪಂಚಮಗಳನ್ನಲ್ಲದೆ ಬೇರಾವ ಸ್ವರವನ್ನೂ ಯಾರೂ ಕೂಡಿಸಿರದ ಆ ವಾದ್ಯದ ಒಡಲಿನಿಂದ ಅಂತರಗಾಂಧಾರವು ತಾನಾಗಿಯೇ ಎದ್ದುಬಂದು ಕೋಣೆಯನ್ನು ತುಂಬುವುದು. ಮೂಲಸ್ವರವನ್ನು ಒಂದೆಂದು ಎಣಿಸಿದರೆ ಮಂದ್ರ ಷಡ್ಜದ ಐದನೆಯ ಉಪಸ್ವರವೇ ಅದು. ಕಾರಣ ತಿಳಿದಿದ್ದರೂ ಆ ಗಾಂಧಾರವನ್ನು ಕೇಳಿದಾಗಲೆಲ್ಲ ನನಗೆ, ಕರೆಯದೆ ಬಂದ ಆಪ್ತನೊಬ್ಬನು ಬಾಗಿಲಲ್ಲಿ ನಿಂತಂತೆ ಸಂತೋಷವಾಗುತ್ತದೆ.

ಈ ತಂಬೂರಿಯ ಮಾತನ್ನು ಮೊದಲೇ ಎತ್ತಿದುದಕ್ಕೆ ಕಾರಣವಿದೆ. ನಾನು ಬರೆಯಹೊರಟಿರುವುದು ಕಂಪ್ಯೂಟರಿನೊಳಗೆ ಹುಟ್ಟುವ ನಾದವನ್ನು ಕುರಿತು. ಸಾಫ್ಟ್‌ವೇರ್ ಸಿಂಥಸೈಜರುಗಳೆಂದು ಕರೆಯಲ್ಪಡುವ, ಮರವೂ ಲೋಹವೂ ಇಲ್ಲದ, ಕೇವಲ ಗಣಿತದಿಂದ ನಿರ್ಮಿತವಾದ ವಾದ್ಯಗಳನ್ನು ಕುರಿತು. ಇಂದು ಸಾಧಾರಣವಾದ ಒಂದು ಲ್ಯಾಪ್‌ಟಾಪಿನ ಮುಂದೆ ಕುಳಿತು ಸಂಗೀತವನ್ನು ರಚಿಸಹೊರಟವನಿಗೆ ಇಂಥ ವಾದ್ಯಗಳ ಕೊರತೆಯೆಂಬುದಿಲ್ಲ. ಉಚಿತವಾಗಿ ದೊರೆಯುವುವೇ ನೂರಾರು, ಹಣ ತೆತ್ತು ಕೊಳ್ಳತಕ್ಕವು ಮತ್ತೂ ಹೆಚ್ಚು, ಅವೊಂದೊಂದರ ಹೊಟ್ಟೆಯಲ್ಲಿಯೂ ಪ್ರೀಸೆಟ್‌ಗಳೆಂಬ ಸಿದ್ಧನಾದಗಳು ಸಾವಿರ ಸಾವಿರ. ಈ ಸಮೃದ್ಧಿಯ ಸಂಕಟವನ್ನು ನಾನೂ ಅನುಭವಿಸಿದವನೇ. ಮೊದಲ ಕೆಲವು ವರ್ಷಗಳ ಕಾಲ ಸಂಜೆಯ ಬಿಡುವೆಲ್ಲವೂ ಒಂದು ಸಿದ್ಧನಾದವನ್ನು ತೆರೆದು ಕೇಳಿ ಮುಂದಿನದಕ್ಕೆ ಸರಿಯುವುದರಲ್ಲಿಯೇ ಸಂದುಹೋಗಿ, ಐದು ನಿಮಿಷದ ಒಂದು ರಚನೆಯಾದರೂ ಪೂರ್ಣಗೊಳ್ಳಲಿಲ್ಲ. ಕಡೆಗೆ ಒಂದು ಮಳೆಗಾಲದಲ್ಲಿ, ಕೂಡಿಹಾಕಿದ್ದ ಇಪ್ಪತ್ತಕ್ಕೂ ಮಿಕ್ಕ ಸಿಂಥಸೈಜರುಗಳನ್ನು ಅಳಿಸಿ ಮೂರನ್ನು ಮಾತ್ರ ಉಳಿಸಿಕೊಂಡೆನು. ಯಾವುದನ್ನು ಉಳಿಸುವುದು ಯಾವುದನ್ನು ಬಿಡುವುದು ಎಂಬ ಪ್ರಶ್ನೆ ಎದುರಾದಾಗ ಒರೆಗಲ್ಲಾಗಿ ಒದಗಿಬಂದುದು ಮನೆಯ ಮೂಲೆಯಲ್ಲಿದ್ದ ತಂಬೂರಿಯೇ. ತಂಬೂರಿಯೊಡನೆ ಕೂಡಿ ನಿಲ್ಲಬಲ್ಲುದೆ, ಸ್ವರದಿಂದ ಸ್ವರಕ್ಕೆ ಜಾರಬಲ್ಲುದೆ, ತನ್ನ ನಾದ ಎಲ್ಲಿಂದ ಹುಟ್ಟಿತೆಂಬುದನ್ನು ಕಲಿಯುವವನಿಗೆ ತೋರಿಸಿಕೊಡಬಲ್ಲುದೆ ಎಂಬ ಮೂರು ಪರೀಕ್ಷೆಗಳಲ್ಲಿ ತೇರ್ಗಡೆಯಾದುವನ್ನು ಇರಿಸಿಕೊಂಡೆನು.

ನಮ್ಮ ಮದುವೆಯ ಆರ್ಕೆಸ್ಟ್ರಾಗಳಲ್ಲಿ ‘ಕೀಬೋರ್ಡ್’ ಎಂಬ ಒಂದೇ ಹೆಸರಿನಿಂದ ಕರೆಯಲ್ಪಡುವ ಯಂತ್ರದೊಳಗೆ ಸ್ವಭಾವತಃ ಭಿನ್ನವಾದ ಎರಡು ಕಾರ್ಯಗಳು ಅಡಗಿರುತ್ತವೆ. ನಿಜವಾದ ಪಿಟೀಲನ್ನೋ ಕೊಳಲನ್ನೋ ಸ್ವರ ಸ್ವರವಾಗಿ ಮುದ್ರಿಸಿಟ್ಟುಕೊಂಡು, ಬೆರಳು ಒತ್ತಿದಾಗ ಆ ಮುದ್ರಿಕೆಯನ್ನು ನುಡಿಸುವುದು ಒಂದು. ಮುದ್ರಿಕೆಯ ಹಂಗಿಲ್ಲದೆ, ತರಂಗದ ಆಕೃತಿಯನ್ನು ಗಣಿತಸೂತ್ರದಿಂದಲೇ ಆಗಿಂದಾಗ ಹುಟ್ಟಿಸುವುದು ಇನ್ನೊಂದು. ಸಿಂಥಸೈಜರೆಂಬ ಹೆಸರು ನಿಜವಾಗಿ ಸಲ್ಲುವುದು ಎರಡನೆಯದಕ್ಕೆ. ಕಂಪ್ಯೂಟರಿನಲ್ಲಿ ಈ ಕೆಲಸ ನಡೆಯುವ ರೀತಿಯನ್ನು ಸ್ಥೂಲವಾಗಿ ಹೇಳುವುದಾದರೆ, ಒಂದು ಸೆಕೆಂಡಿನ ನಾದಕ್ಕೆ 44,100 ಸಂಖ್ಯೆಗಳು ಬೇಕು. ಗಾಳಿಯ ಒತ್ತಡವು ಕ್ಷಣಕ್ಷಣಕ್ಕೂ ಎಷ್ಟು ಏರಬೇಕು ಎಷ್ಟು ಇಳಿಯಬೇಕು ಎಂಬುದನ್ನು ಹೇಳುವ ಆ ಸಂಖ್ಯೆಗಳನ್ನು ಯಂತ್ರವು ಲೆಕ್ಕಹಾಕಿ ಕೊಡುತ್ತದೆ, ಸ್ಪೀಕರು ಅವನ್ನು ಕಂಪನವಾಗಿ ಪರಿವರ್ತಿಸುತ್ತದೆ. ಮನುಷ್ಯನ ಕಿವಿಗೆ ಕೇಳುವ ಕಂಪನಗಳ ಮೇಲಿನ ಮಿತಿ ಸುಮಾರು 20,000 ಹರ್ಟ್ಸ್. ಅದರ ಇಮ್ಮಡಿಗಿಂತ ತುಸು ಹೆಚ್ಚು ಬಾರಿ ಅಳೆದಲ್ಲದೆ ತರಂಗವು ಯಥಾವತ್ತಾಗಿ ಉಳಿಯದೆಂಬ ನಿಯಮದಿಂದ ಈ ಅಂಕೆಯು ಬಂದಿದೆ.

ಇದರ ಚರಿತ್ರೆಯು ನಾವು ಊಹಿಸುವುದಕ್ಕಿಂತ ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಎಂಜಿನಿಯರಾಗಿದ್ದ ಮ್ಯಾಕ್ಸ್ ಮ್ಯಾಥ್ಯೂಸ್ ಎಂಬವರು 1957ರಲ್ಲಿ ಐಬಿಎಂ 704 ಯಂತ್ರಕ್ಕಾಗಿ ‘ಮ್ಯೂಸಿಕ್’ ಎಂಬ ಕ್ರಮವಿಧಿಯನ್ನು ಬರೆದು, ಅದರಿಂದ 17 ಸೆಕೆಂಡುಗಳ ಒಂದು ಚಿಕ್ಕ ರಚನೆಯನ್ನು ನುಡಿಸಿದರು. ರಾಬರ್ಟ್ ಮೂಗ್ ಅವರ ವಿದ್ಯುತ್ ಸಿಂಥಸೈಜರು ಕಾಣಿಸಿಕೊಂಡುದು 1964ರಲ್ಲಿ, ಎಂದರೆ ಸಾಫ್ಟ್‌ವೇರಿನ ನಾದವು ಅದಕ್ಕಿಂತಲೂ ಹಿರಿಯದು. ಆ ಮೂಗ್ ಯಂತ್ರಗಳಲ್ಲೊಂದು 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು, ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರ ಕೈಯಿಂದ ಅಲ್ಲಿ ಸ್ಥಾಪಿತವಾಯಿತೆಂಬುದನ್ನೂ, ಮುಂಬಯಿಯ ಚರಣಜಿತ್ ಸಿಂಗ್ ಅವರು 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ನುಡಿಸಿ ಮುದ್ರಿಸಿದುದು ಆ ಕಾಲದಲ್ಲಿ ಯಾರ ಗಮನಕ್ಕೂ ಬಾರದೆ 2010ರ ಮರುಮುದ್ರಣದ ತರುವಾಯ ಜಗತ್ತಿನ ಬೆರಗಿಗೆ ಪಾತ್ರವಾಯಿತೆಂಬುದನ್ನೂ ಇಲ್ಲಿ ಸ್ಮರಿಸಬೇಕು. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯು 1999ರಲ್ಲಿ ತನ್ನ ವಿಎಸ್‌ಟಿ ವ್ಯವಸ್ಥೆಯೊಳಗೆ ವಾದ್ಯಗಳಿಗೂ ಎಡೆಮಾಡಿಕೊಟ್ಟ ಮೇಲೆ, ಯಾರೋ ಬರೆದ ಸಿಂಥಸೈಜರನ್ನು ಇನ್ಯಾರದೋ ಧ್ವನಿಮುದ್ರಣ ತಂತ್ರಾಂಶದೊಳಗೆ ಕೂರಿಸಿ ನುಡಿಸುವುದು ಸಾಧ್ಯವಾಗಿ, ಇಂದಿನ ಸಮೃದ್ಧಿಗೆ ದಾರಿ ತೆರೆಯಿತು.

ಉಳಿಸಿಕೊಂಡ ಮೂರರಲ್ಲಿ ಮೊದಲನೆಯದು ಸರ್ಜ್ ಎಕ್ಸ್‌ಟಿ. ಕ್ಲಾಸ್ ಯೋಹಾನ್ಸನ್ ಎಂಬವರು ತಮ್ಮ ವೆಂಬರ್ ಆಡಿಯೋ ಸಂಸ್ಥೆಯಿಂದ ಮಾರುತ್ತಿದ್ದ ಸರ್ಜ್ ಎಂಬ ಸಿಂಥಸೈಜರಿನ ಮೂಲಕ್ರಮವಿಧಿಯನ್ನು 2018ರಲ್ಲಿ ಸಾರ್ವಜನಿಕರಿಗೆ ಒಪ್ಪಿಸಿಬಿಟ್ಟರು. ಅನಂತರ ದೇಶದೇಶಗಳ ಸ್ವಯಂಸೇವಕರು ಕೂಡಿ ಅದನ್ನು ತಿದ್ದಿ ಬೆಳೆಸಿ 2022ರಲ್ಲಿ ಎಕ್ಸ್‌ಟಿ ಎಂಬ ಹೊಸ ರೂಪದಲ್ಲಿ ಹೊರತಂದರು. ಒಬ್ಬನ ಸೊತ್ತಾಗಿದ್ದುದು ಹೀಗೆ ಊರ ಕೆರೆಯಂತೆ ಎಲ್ಲರದಾದುದು ನನಗೆ ಅದರಲ್ಲಿ ಪ್ರೀತಿ ಹುಟ್ಟುವುದಕ್ಕೆ ಒಂದು ಕಾರಣ. ಆದರೆ ಅದೊಂದೇ ಅಲ್ಲ.

ಸರ್ಜ್ ಮುಖ್ಯವಾಗಿ ಅನುಸರಿಸುವುದು ಮೂಗ್ ಅವರ ಕಾಲದಿಂದ ನಡೆದುಬಂದ ವ್ಯವಕಲನ ಮಾರ್ಗವನ್ನು. ಉಪಸ್ವರಗಳಿಂದ ತುಂಬಿದ ಒರಟಾದ ತರಂಗವೊಂದನ್ನು ಮೊದಲು ಹುಟ್ಟಿಸಿ, ಬೇಡವಾದ ಅಂಶವನ್ನು ಫಿಲ್ಟರಿನಿಂದ ಕಳೆಯುವುದೇ ಆ ಮಾರ್ಗ. ಇದನ್ನು ಅರಿಯಲು ಯಂತ್ರವೇ ಬೇಕಾಗಿಲ್ಲ. ಒಂದೇ ಶ್ರುತಿಯಲ್ಲಿ ಅಕಾರವನ್ನು ಹಿಡಿದು ನಿಂತು, ಸ್ವರವನ್ನು ಬದಲಿಸದೆ, ತುಟಿಗಳನ್ನು ಮೆಲ್ಲಮೆಲ್ಲನೆ ಕಿರಿದುಗೊಳಿಸುತ್ತ ಉಕಾರಕ್ಕೆ ಬಂದರೆ, ಕಂಠದಲ್ಲಿ ಹುಟ್ಟುವ ಕಂಪನವು ಹಾಗೆಯೇ ಇದ್ದರೂ ಮೇಲಿನ ಉಪಸ್ವರಗಳು ಅಡಗಿ ನಾದವು ಮಬ್ಬಾಗುವುದು ಕೇಳಿಬರುತ್ತದೆ. ಕಂಠವು ಆಸಿಲೇಟರು, ಬಾಯಿಯು ಫಿಲ್ಟರು. ಗರಗಸದ ಹಲ್ಲಿನಂತಿರುವ ತರಂಗದಲ್ಲಿ ಎಲ್ಲ ಉಪಸ್ವರಗಳೂ ಇರುತ್ತವೆ, ಎರಡನೆಯದು ಮೂಲದ ಅರ್ಧದಷ್ಟು, ಮೂರನೆಯದು ಮೂರನೆಯ ಒಂದರಷ್ಟು ಎಂಬ ಕ್ರಮದಲ್ಲಿ. ಚೌಕಾಕಾರದ ತರಂಗದಲ್ಲಿ ಬೆಸಸಂಖ್ಯೆಯವು ಮಾತ್ರ ಇರುತ್ತವೆ. ಇಂಥ ಆಸಿಲೇಟರುಗಳನ್ನು ಮೂರು ಮೂರರಂತೆ ಎರಡು ಪಂಕ್ತಿಗಳಲ್ಲಿ ಸರ್ಜ್ ಒದಗಿಸುತ್ತದೆ. ಸ್ವರವು ಎಷ್ಟು ಬೇಗ ಏರಬೇಕು, ಎಷ್ಟು ಇಳಿದು ಎಲ್ಲಿ ನೆಲೆಗೊಳ್ಳಬೇಕು, ಬೆರಳು ತೆಗೆದ ಮೇಲೆ ಎಷ್ಟು ಹೊತ್ತು ಉಳಿಯಬೇಕು ಎಂಬುದನ್ನು ನಿಯಮಿಸುವ ಎನ್ವೆಲಪ್‌ಗಳೂ ಕಣ್ಣಿಗೆ ಸ್ಪಷ್ಟವಾಗಿ ತೋರುವಂತೆ ಅದರ ಮುಖಫಲಕದಲ್ಲಿವೆ.

ಅದರೊಳಗಿರುವ ‘ಸ್ಟ್ರಿಂಗ್’ ಎಂಬ ಆಸಿಲೇಟರಿನ ಮಾತನ್ನು ಹೇಳದೆ ಮುಂದೆ ಹೋಗಲಾರೆನು. ಸ್ಟ್ಯಾನ್‌ಫರ್ಡಿನ ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದ ಒಂದು ಯುಕ್ತಿಯು ಅದರ ಮೂಲದಲ್ಲಿದೆ. ಲೆಕ್ಕವಿಲ್ಲದೆ ಆಯ್ದ ಸಂಖ್ಯೆಗಳ ಒಂದು ಸಾಲನ್ನು ತೆಗೆದುಕೊಂಡು, ಅದನ್ನು ತಿರುತಿರುಗಿ ನುಡಿಸುತ್ತ, ಪ್ರತಿಯೊಂದು ಸುತ್ತಿನಲ್ಲಿಯೂ ಪ್ರತಿಯೊಂದು ಸಂಖ್ಯೆಯ ಸ್ಥಾನದಲ್ಲಿ ಅದರ ಮತ್ತು ಅದರ ನೆರೆಯದರ ಸರಾಸರಿಯನ್ನು ಇಟ್ಟುಬಿಡುವುದು. ಇಷ್ಟೇ ಆ ಯುಕ್ತಿ. ಸಾಲಿನಲ್ಲಿ 210 ಸಂಖ್ಯೆಗಳಿದ್ದರೆ, ಸೆಕೆಂಡಿಗೆ 44,100ರ ವೇಗದಲ್ಲಿ ಸಾಲು ಸುಮಾರು 210 ಬಾರಿ ಸುತ್ತುವುದರಿಂದ, ಹುಟ್ಟುವ ಸ್ವರವೂ ಹೆಚ್ಚುಕಡಿಮೆ 210 ಹರ್ಟ್ಸ್. ಮೊದಲ ಕ್ಷಣದ ಗಲಭೆಯು ಸರಾಸರಿಯಿಂದ ಸವೆಯುತ್ತ ಹೋದಂತೆ ಎತ್ತರದ ಉಪಸ್ವರಗಳು ಬೇಗನೆ ಅಳಿದು ತಗ್ಗಿನವು ನಿಧಾನವಾಗಿ ನಂದುತ್ತವೆ. ಮೀಟಿದ ತಂತಿಯಲ್ಲಿ ನಡೆಯುವುದೂ ಇದೇ. ಕೂಡುವುದು, ಎರಡರಿಂದ ಭಾಗಿಸುವುದು ಎಂಬ ಪ್ರಾಥಮಿಕ ಶಾಲೆಯ ಗಣಿತದಿಂದ ತಂತಿಯೊಂದು ಜೀವತಳೆದು ಮಿಡಿಯುವುದನ್ನು ಮೊದಲ ಸಲ ಕೇಳಿದ ದಿನ ನಾನು ಬಹಳ ಹೊತ್ತು ಬೇರೇನನ್ನೂ ಮಾಡದೆ ಅದನ್ನೇ ಮೀಟುತ್ತ ಕುಳಿತಿದ್ದೆನು.

ಆದರೆ ಸರ್ಜ್ ನನ್ನ ಒರೆಗಲ್ಲಿನ ಮೇಲೆ ಗೆದ್ದುದು ಶ್ರುತಿಯ ವಿಷಯದಲ್ಲಿ. ಕಂಪ್ಯೂಟರಿಗೆ ಜೋಡಿಸುವ ಪ್ರತಿಯೊಂದು ಕೀಬೋರ್ಡೂ ಹುಟ್ಟಿನಿಂದ ಪಾಶ್ಚಾತ್ಯರ ಸಮಭಾಗ ಶ್ರುತಿಯಲ್ಲಿರುತ್ತದೆ. ಸ್ಥಾಯಿಯನ್ನು ಹನ್ನೆರಡು ಸಮಪ್ರಮಾಣದ ಭಾಗಗಳಾಗಿ ಒಡೆದುದರಿಂದ ಯಾವ ಸ್ವರದಿಂದ ಆರಂಭಿಸಿದರೂ ಒಂದೇ ಬಗೆಯಾಗಿ ನುಡಿಸಬಹುದೆಂಬ ಅನುಕೂಲವು ಅವರ ಸಂಗೀತಕ್ಕೆ ಅತ್ಯಗತ್ಯವಾದುದು. ಷಡ್ಜವೊಂದನ್ನೇ ಆಧಾರವಾಗಿಟ್ಟುಕೊಂಡು ಗಂಟೆಗಟ್ಟಲೆ ಹಾಡುವ ನಮಗೆ ಆ ಅನುಕೂಲದ ಪ್ರಯೋಜನವಿಲ್ಲ, ಅದರ ಬೆಲೆಯನ್ನು ಮಾತ್ರ ನಾವು ತೆರಬೇಕಾಗುತ್ತದೆ. ಷಡ್ಜವನ್ನು 220 ಹರ್ಟ್ಸ್‌ಗೆ ಇಟ್ಟುಕೊಂಡು ಲೆಕ್ಕ ಹಾಕಿ ನೋಡೋಣ. ತಂಬೂರಿಯಲ್ಲಿ ತಾನಾಗಿ ಹುಟ್ಟುವ ಗಾಂಧಾರದ ಪ್ರಮಾಣ 5/4, ಎಂದರೆ 275 ಹರ್ಟ್ಸ್. ಕೀಬೋರ್ಡಿನ ಗಾಂಧಾರವು 277.18. ಎರಡು ಹರ್ಟ್ಸ್‌ಗಳ ವ್ಯತ್ಯಾಸವು ಅಲ್ಪವೆಂದು ತೋರಬಹುದು. ಆದರೆ ಷಡ್ಜದ ಐದನೆಯ ಉಪಸ್ವರವು 1100ರಲ್ಲಿಯೂ ಈ ಗಾಂಧಾರದ ನಾಲ್ಕನೆಯದು 1108.7ರಲ್ಲಿಯೂ ನಿಂತು ಒಂದನ್ನೊಂದು ಸಂಧಿಸುವಾಗ, ಸೆಕೆಂಡಿಗೆ ಸುಮಾರು ಒಂಬತ್ತು ಬಾರಿ ಮಿಡಿಯುವ ಒಂದು ಒರಟು ಕಂಪನವು ಹುಟ್ಟಿ, ಕಿವಿಯ ನೆಮ್ಮದಿಯನ್ನು ಕೆಡಿಸುತ್ತದೆ. ಪಂಚಮದಲ್ಲಿ ಈ ಬಾಧೆಯು ಸೆಕೆಂಡಿಗೆ ಒಂದಕ್ಕಿಂತಲೂ ಕಡಿಮೆಯಾದುದರಿಂದ ಸಹ್ಯ; ಗಾಂಧಾರದಲ್ಲಿ ಸಹ್ಯವಲ್ಲ. ಸ್ವರಸ್ಥಾನವೇನೋ ಸರಿಯಾಗಿದೆ, ಆದರೂ ಏನೋ ಹುಳಿಯಾಗಿದೆ ಎಂದು ನಮ್ಮ ಗಾಯಕರು ಕೀಬೋರ್ಡಿನ ಪಕ್ಕವಾದ್ಯಕ್ಕೆ ಮುಖ ಸಿಂಡರಿಸುವುದರ ಮೂಲವು ಇದೇ ಎಂದು ನನ್ನ ನಂಬಿಕೆ.

ಸರ್ಜ್‌ನಲ್ಲಿ ಇದಕ್ಕೆ ಪರಿಹಾರವು ನೇರವಾಗಿದೆ. ಡಚ್ಚರ ನಾಡಿನ ಮ್ಯಾನುಯೆಲ್ ಓಪ್ ಡೆ ಕೌಲ್ ಅವರು ರೂಪಿಸಿದ ಸ್ಕಾಲಾ ಎಂಬ ಕಡತಪದ್ಧತಿಯೊಂದಿದೆ. ಅದರ ಕಡತವೆಂದರೆ ಯಾರು ಬೇಕಾದರೂ ಬರೆಯಬಹುದಾದ ಸಾದಾ ಅಕ್ಷರಗಳ ಒಂದು ಪುಟ. ಹೆಸರೊಂದು, ಸ್ವರಗಳ ಸಂಖ್ಯೆಯೊಂದು, ತರುವಾಯ ಸಾಲಿಗೊಂದರಂತೆ ಪ್ರಮಾಣಗಳು. ಶುದ್ಧರಿಷಭಕ್ಕೆ 16/15, ಅಂತರಗಾಂಧಾರಕ್ಕೆ 5/4, ಶುದ್ಧಮಧ್ಯಮಕ್ಕೆ 4/3, ಪಂಚಮಕ್ಕೆ 3/2, ಶುದ್ಧಧೈವತಕ್ಕೆ 8/5, ಕಾಕಲಿನಿಷಾದಕ್ಕೆ 15/8 ಎಂದು ಬರೆದು, ಉಳಿದ ಸ್ಥಾನಗಳನ್ನೂ ತುಂಬಿ, ಆ ಕಡತವನ್ನು ಸರ್ಜ್‌ಗೆ ಕೊಟ್ಟು ನಾನು ಮಾಯಾಮಾಳವಗೌಳದ ಆರೋಹಣವನ್ನು ನುಡಿಸಿದಾಗ, ಗಾಂಧಾರವು ಪಕ್ಕದಲ್ಲಿ ಮೀಟುತ್ತಿದ್ದ ತಂಬೂರಿಯ ಗಾಂಧಾರದೊಳಗೆ ಸೇರಿಹೋಗಿ, ಎರಡರ ನಡುವಣ ಗಡಿಯು ಕಾಣದಾಯಿತು. ಯಾವ ಸಿದ್ಧನಾದವೂ ಕೊಡದ ತೃಪ್ತಿಯನ್ನು ನನಗೆ ಆ ಒಂದು ಪುಟವು ಕೊಟ್ಟಿದೆ.

ಎರಡನೆಯದು ಡೆಕ್ಸೆಡ್. ಇದರ ಕಥೆಯು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಚೌನಿಂಗ್ ಎಂಬ ಸಂಗೀತರಚಕರಿಂದ ಆರಂಭವಾಗುವುದು. 1967ರಲ್ಲಿ ಅವರು ಒಂದು ಸ್ವರವನ್ನು ಇನ್ನೊಂದು ತರಂಗದಿಂದ ನಡುಗಿಸುವ ಪ್ರಯೋಗವನ್ನು ಕಂಪ್ಯೂಟರಿನಲ್ಲಿ ನಡೆಸುತ್ತಿದ್ದರು. ನಡುಕವು ಸೆಕೆಂಡಿಗೆ ಐದಾರು ಬಾರಿ ಇರುವಷ್ಟು ಹೊತ್ತು ಅದು ಗಾಯಕರ ಕಂಠದ ಕಂಪನದಂತೆ ಕೇಳಿಸಿತು. ವೇಗವನ್ನು ಏರಿಸುತ್ತ ಏರಿಸುತ್ತ ಕಿವಿಗೆ ಸ್ವರವಾಗಿಯೇ ಕೇಳುವಷ್ಟಕ್ಕೆ ತಂದಾಗ, ನಡುಕವು ಮಾಯವಾಗಿ ಅದರ ಸ್ಥಾನದಲ್ಲಿ ಹೊಸ ಉಪಸ್ವರಗಳ ಒಂದು ಪರಿವಾರವೇ ಮೂಡಿ, ನಾದದ ಬಣ್ಣವು ಬದಲಾಗಿತ್ತು. ಎರಡೇ ಎರಡು ಸರಳ ತರಂಗಗಳಿಂದ ಹಿತ್ತಾಳೆಯ ಕಹಳೆಯನ್ನೂ ಕಂಚಿನ ಗಂಟೆಯನ್ನೂ ಹೊರಡಿಸಬಹುದೆಂಬುದನ್ನು ಅವರು 1973ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಜಪಾನಿನ ಯಮಾಹಾ ಸಂಸ್ಥೆಯು ಅದರ ಹಕ್ಕನ್ನು ಪಡೆದು, ವರ್ಷಗಳ ಪರಿಶ್ರಮದ ಅನಂತರ, 1983ರಲ್ಲಿ ಡಿಎಕ್ಸ್7 ಎಂಬ ಕೀಬೋರ್ಡನ್ನು ಹೊರತಂದಿತು. ಆರು ತರಂಗಜನಕಗಳು, ಅವನ್ನು ಒಂದಕ್ಕೊಂದು ಹೆಣೆಯುವುದಕ್ಕೆ 32 ವಿನ್ಯಾಸಗಳು, ಏಕಕಾಲದಲ್ಲಿ ಹದಿನಾರು ಸ್ವರಗಳು; ಇಷ್ಟನ್ನು ಒಳಗೊಂಡ ಆ ಯಂತ್ರದ ನಾದವು 1980ರ ದಶಕದ ಚಲನಚಿತ್ರಗೀತೆಗಳನ್ನು ಕೇಳಿದವರೆಲ್ಲರ ಕಿವಿಯಲ್ಲಿ, ಹೆಸರು ತಿಳಿಯದಿದ್ದರೂ, ಉಳಿದೇ ಇದೆ.

ಡೆಕ್ಸೆಡ್ ಆ ಯಂತ್ರದ ಯಥಾಪ್ರತಿ. ಹಳೆಯ ಡಿಎಕ್ಸ್7ಗಾಗಿ ಬರೆದಿಟ್ಟ ನಾದವಿವರಗಳನ್ನು ಇದು ಹಾಗೆಯೇ ಓದಿ ನುಡಿಸುವುದು. ಮೂಲಯಂತ್ರದಲ್ಲಿ ಎರಡು ಸಾಲಿನ ಚಿಕ್ಕ ಕಿಟಕಿಯಲ್ಲಿ ಒಂದೊಂದೇ ಅಂಕಿಯನ್ನು ನೋಡುತ್ತ ತಿದ್ದಬೇಕಾಗಿದ್ದುದರಿಂದ ಹೆಚ್ಚಿನವರು ಹೊಸ ನಾದವನ್ನು ಕಟ್ಟುವ ಗೋಜಿಗೆ ಹೋಗಲಿಲ್ಲ. ಇಲ್ಲಿ ಆರು ತರಂಗಗಳೂ ಅವುಗಳ ಸಂಬಂಧವೂ ಒಂದೇ ಪುಟದಲ್ಲಿ ಹರಡಿಕೊಂಡಿರುವುದರಿಂದ ಆ ಭಯಕ್ಕೆ ಕಾರಣವಿಲ್ಲ. ಮೂಲತರಂಗವು 200 ಹರ್ಟ್ಸ್ ಇದ್ದು ಅದನ್ನು ಅಲುಗಿಸುವ ತರಂಗವೂ 200 ಇದ್ದರೆ ಹುಟ್ಟುವ ಉಪಸ್ವರಗಳು 400, 600, 800 ಎಂದು ಸುಶ್ರಾವ್ಯವಾದ ಸಾಲಿನಲ್ಲಿ ನಿಲ್ಲುತ್ತವೆ. ಅಲುಗಿಸುವುದನ್ನು 280ಕ್ಕೆ ಏರಿಸಿದೊಡನೆ 480, 760, 1040 ಎಂಬ, ಇನ್ನೂರರ ಗುಣಕಗಳಲ್ಲದ ಕಂಪನಗಳು ಮೂಡಿ, ತಂತಿಯ ನಾದವು ಹೋಗಿ ಲೋಹದ ನಾದವು ಬರುತ್ತದೆ. ಜಾಗಟೆ, ಗೆಜ್ಜೆ, ದೇವಾಲಯದ ದೊಡ್ಡ ಗಂಟೆ ಇವನ್ನು ನಾನು ಕಟ್ಟಿಕೊಂಡುದು ಹೀಗೆ, ಸಂಖ್ಯೆಯೊಂದನ್ನು ಅತ್ತಿತ್ತ ಸರಿಸುತ್ತ. ಬೆರಳು ಬಲವಾಗಿ ಬಿದ್ದಷ್ಟೂ ಅಲುಗಿಸುವ ತರಂಗದ ಬಲವನ್ನು ಹೆಚ್ಚಿಸುವ ಏರ್ಪಾಡೂ ಉಂಟಾದುದರಿಂದ, ಜೋರಾಗಿ ಬಾರಿಸಿದ ಗಂಟೆಯು ಬರಿಯ ದೊಡ್ಡದಾಗಿ ಕೇಳದೆ ಹೆಚ್ಚು ಪ್ರಖರವಾಗಿಯೂ ಕೇಳುತ್ತದೆ. ಲೋಕದ ಗಂಟೆಗಳೂ ಹಾಗೆಯೇ ತಾನೆ. ಡೆಕ್ಸೆಡ್ ಕೂಡ ಸ್ಕಾಲಾ ಕಡತಗಳನ್ನು ಓದಬಲ್ಲುದು. ಅದರಲ್ಲಿ ಒಂದು ದೋಷವುಂಟೆಂದರೆ, ಊಹೆಗೆ ಅದು ಬೇಗನೆ ವಶವಾಗುವುದಿಲ್ಲ. ವ್ಯವಕಲನ ಮಾರ್ಗದಲ್ಲಿ ಒಂದು ವಾರಕ್ಕೆ ಬರುವ ಹಿಡಿತವು ಇಲ್ಲಿ ಮೂರು ತಿಂಗಳನ್ನು ಕೇಳುತ್ತದೆ. ಆ ಮೂರು ತಿಂಗಳು ವ್ಯರ್ಥವಲ್ಲವೆಂದು ಧೈರ್ಯವಾಗಿ ಹೇಳುತ್ತೇನೆ.

ಮೂರನೆಯದಾದ ವೈಟಲ್ ಅನ್ನು ಮ್ಯಾಟ್ ಟೈಟೆಲ್ ಎಂಬವರು 2020ರ ನವೆಂಬರಿನಲ್ಲಿ ಬಿಡುಗಡೆ ಮಾಡಿದರು. ಇದು ತರಂಗಮಾಲೆಯ ಮಾರ್ಗ. ಜರ್ಮನಿಯ ವುಲ್ಫ್‌ಗಾಂಗ್ ಪಾಲ್ಮ್ ಅವರ ಪಿಪಿಜಿ ಯಂತ್ರಗಳಿಂದ ಪ್ರಸಿದ್ಧವಾದುದು. ಒಂದೊಂದಕ್ಕೂ 2048 ಬಿಂದುಗಳಿರುವ ಹಲವು ತರಂಗಾಕೃತಿಗಳನ್ನು ಸಾಲಾಗಿ ಪೋಣಿಸಿ, ಸ್ವರವು ನುಡಿಯುತ್ತಿರುವಾಗಲೇ ಒಂದರಿಂದ ಇನ್ನೊಂದಕ್ಕೆ ನುಣುಪಾಗಿ ಸಾಗುತ್ತ ಹೋಗುವುದು ಇದರ ಸ್ವಭಾವ. ಪ್ರತಿಯೊಂದು ಆಕೃತಿಯಲ್ಲಿಯೂ ಯಾವ ಉಪಸ್ವರ ಎಷ್ಟಿರಬೇಕೆಂಬುದನ್ನು ಕಂಬಗಳ ಸಾಲಿನಂತೆ ಕಣ್ಣೆದುರು ಎಳೆದು ನಿಲ್ಲಿಸಬಹುದಾದುದರಿಂದ, ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯನ್ನು ನಾನು ಕಂಡಿಲ್ಲ.

ವೈಟಲ್‌ನಲ್ಲಿ ನಾನು ಕೈಹಾಕಿದುದು ತಂಬೂರಿಯನ್ನೇ ಕಟ್ಟುವ ಕೆಲಸಕ್ಕೆ. ಇದರ ಕಷ್ಟವೇನೆಂಬುದನ್ನು ಸರ್ ಸಿ. ವಿ. ರಾಮನ್ನರು ಕಲ್ಕತ್ತೆಯಲ್ಲಿದ್ದಾಗ, ಬೆಂಗಳೂರಿಗೆ ಬರುವುದಕ್ಕೆ ಹನ್ನೆರಡು ವರ್ಷಗಳ ಮೊದಲೇ, 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಎತ್ತಿ ತೋರಿಸಿದ್ದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುವೆವೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲಾರವೆಂಬುದು ಐರೋಪ್ಯ ವಿಜ್ಞಾನಿಗಳ ನಿಯಮವಾಗಿತ್ತು. ನಟ್ಟನಡುವೆ ಮೀಟಿದರೆ ಸಮಸಂಖ್ಯೆಯ ಉಪಸ್ವರಗಳು ಇರಕೂಡದು. ತಂಬೂರಿಯಲ್ಲಿಯೂ ವೀಣೆಯಲ್ಲಿಯೂ ಅವು ಸೊಂಪಾಗಿ ಕೇಳಿಬರುತ್ತವೆ. ಬಾಗಿದ ಅಗಲವಾದ ಕುದುರೆಯ ಮೇಲೆ ತಂತಿಯು ತಗುಲಿ ಬಿಡುತ್ತ, ತಗುಲಿ ಬಿಡುತ್ತ ಕಂಪಿಸುವುದರಿಂದ ಹೀಗಾಗುವುದೆಂದೂ, ತಂಬೂರಿಯಲ್ಲಿ ದಾರದ ಎಳೆಯು ಈ ಸ್ಪರ್ಶವನ್ನು ಹದಗೊಳಿಸುವುದೆಂದೂ ರಾಮನ್ನರು ವಿವರಿಸಿದರು. ನಮ್ಮವರು ಆ ದಾರವನ್ನು ಜೀವಾಳವೆಂದು ಕರೆದುದು ಎಷ್ಟು ಉಚಿತವಾಗಿದೆ! ಮೀಟಿನಿಂದ ಮೀಟಿಗೆ ತಂಬೂರಿಯ ಒಳಗೆ ಉಪಸ್ವರಗಳ ಮೆರವಣಿಗೆಯೊಂದು ಮೆಲ್ಲಗೆ ಸಾಗುತ್ತ, ಒಂದರ ಬಳಿಕ ಒಂದು ಬೆಳಕಿಗೆ ಬಂದು ಹಿಂದೆ ಸರಿಯುವುದನ್ನು ಕಿವಿಗೊಟ್ಟವರು ಗುರುತಿಸಬಲ್ಲರು. ವೈಟಲ್‌ನ ತರಂಗಮಾಲೆಯಲ್ಲಿ ಮೂರನೆಯದರಿಂದ ಹತ್ತನೆಯದರ ವರೆಗಿನ ಉಪಸ್ವರಗಳನ್ನು ಒಂದೊಂದು ಆಕೃತಿಯಲ್ಲಿ ಒಂದೊಂದರಂತೆ ಎತ್ತರಿಸಿ, ಪ್ರತಿಯೊಂದು ಮೀಟಿಗೂ ಆ ಮಾಲೆಯ ಮೇಲೆ ನಿಧಾನವಾಗಿ ಸಾಗುವಂತೆ ಏರ್ಪಡಿಸಿದೆನು. ಹಲವು ವಾರಗಳ ತಿದ್ದುಪಡಿಯ ಮೇಲೆ ಬಂದ ನಾದವು ತಂಬೂರಿಯ ನೆರಳೆನ್ನಬಹುದಾದಷ್ಟು ಸಮೀಪಕ್ಕೆ ಬಂದಿತು; ತಂಬೂರಿಯಾಗಲಿಲ್ಲ. ಬೆಂಗಳೂರಿನ ರಾಡೆಲ್ ಸಂಸ್ಥೆಯನ್ನು ಕಟ್ಟಿದ, ಸ್ವತಃ ಕೊಳಲುವಾದಕರಾದ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿ ನಾಡಿನ ಅಸಂಖ್ಯ ವೇದಿಕೆಗಳಿಗೂ ಮನೆಗಳಿಗೂ ತಲಪಿಸಿದ ಸಾಧನೆಯು ಎಷ್ಟು ದೊಡ್ಡದೆಂಬುದು ನನಗೆ ಮನದಟ್ಟಾದುದು ಈ ಪ್ರಯತ್ನದ ತರುವಾಯವೇ.

ಇನ್ನು ಗಮಕ. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಮ್ಮನ್ನು ತನ್ನ ಕಾರ್ಯಕ್ರಮಗಳಿಂದ ದೂರವಿರಿಸಿ, ದಶಕಗಳ ಕಾಲ ಆ ನಿಷೇಧವನ್ನು ನಡೆಸಿದುದರ ಹಿಂದಿದ್ದ ಮುಖ್ಯ ಆಕ್ಷೇಪವು, ಅದರ ಸ್ವರಗಳು ಕಂಬಗಳಂತೆ ನಿಂತಲ್ಲಿಯೇ ನಿಲ್ಲುತ್ತವೆ, ನಡುವಣ ನೆಲದಲ್ಲಿ ನಡೆಯಲಾರವು ಎಂಬುದು. ಅದೇ ಪರದೇಶದಿಂದ ಬಂದ ಪಿಟೀಲು ನಮ್ಮದೇ ಆಗಿಹೋದುದು, ಅದರ ತಂತಿಯ ಮೇಲೆ ಬೆರಳು ಜಾರಬಲ್ಲುದೆಂಬ ಕಾರಣದಿಂದ. ಸಿಂಥಸೈಜರು ಹಾರ್ಮೋನಿಯಮ್ಮಿನ ವಂಶದ್ದೋ ಪಿಟೀಲಿನ ವಂಶದ್ದೋ ಎಂಬುದು ಅದನ್ನು ನುಡಿಸುವ ರೀತಿಯಿಂದ ನಿರ್ಧಾರವಾಗುತ್ತದೆ. ಕೀಬೋರ್ಡಿನ ಎಡಬದಿಯಲ್ಲಿರುವ ಸ್ವರ ಬಾಗಿಸುವ ಚಕ್ರವನ್ನು ಹೆಚ್ಚಿನವರು ಅಲಂಕಾರಕ್ಕೆಂದು ಅಪರೂಪವಾಗಿ ಮುಟ್ಟುತ್ತಾರೆ. ಗಮಕದ ಮನೆಯು ಅಲ್ಲಿಯೇ ಇದೆ. ಮಿಡಿ ಎಂಬ ಸಾರ್ವತ್ರಿಕ ಸಂಕೇತಭಾಷೆಯು ಆ ಚಕ್ರದ ಚಲನೆಯನ್ನು 16,384 ಮೆಟ್ಟಿಲುಗಳಾಗಿ ಅಳೆಯುತ್ತದೆ. ಅದರ ವ್ಯಾಪ್ತಿಯನ್ನು ಮೇಲಕ್ಕೊಂದು ಕೆಳಕ್ಕೊಂದು ಸ್ಥಾಯಿಯಷ್ಟು ಹಿಗ್ಗಿಸಿದರೂ ಒಂದೊಂದು ಸ್ವರಾಂತರಕ್ಕೆ ಸುಮಾರು 680 ಮೆಟ್ಟಿಲುಗಳು ದೊರೆಯುತ್ತವೆ. ಯಾವ ಗಮಕಕ್ಕೂ ಇಷ್ಟು ಸೂಕ್ಷ್ಮತೆ ಸಾಲದೆ ಹೋಗದು. ತೋಡಿಯ ಗಾಂಧಾರದ ತೂಗಾಟವನ್ನು ನಾನು ಮೊದಲು ಹಾಡಿ, ಹಾಡಿದುದನ್ನು ಕೇಳುತ್ತ ಪರದೆಯ ಮೇಲೆ ಅಲೆಯಂತೆ ಗೆರೆಯೆಳೆದು, ಸರ್ಜ್‌ನಿಂದ ನುಡಿಸಿ ನೋಡಿ, ಮತ್ತೆ ತಿದ್ದುತ್ತೇನೆ. ತೂಗಾಟದ ಮೇಲುತುದಿಯಲ್ಲಿಯೂ ಕೆಳತುದಿಯಲ್ಲಿಯೂ ಸ್ವರವು ಸಮಾನವಾಗಿ ತಂಗುವುದಿಲ್ಲವೆಂಬ ಸಂಗತಿಯನ್ನು ವರ್ಷಗಟ್ಟಲೆ ಹಾಡಿಯೂ ಗಮನಿಸದಿದ್ದವನು ನಾನು, ಆ ಗೆರೆಯನ್ನು ಎಳೆಯುವಾಗ ಕಲಿತೆನು. ಮಿಡಿಯ ಹಳೆಯ ಪದ್ಧತಿಯಲ್ಲಿ ಚಕ್ರವನ್ನು ತಿರುಗಿಸಿದರೆ ನುಡಿಯುತ್ತಿರುವ ಎಲ್ಲ ಸ್ವರಗಳೂ ಒಟ್ಟಿಗೆ ಬಾಗುತ್ತಿದ್ದುವು. 2018ರಲ್ಲಿ ಅಂಗೀಕೃತವಾದ ಎಂಪಿಇ ಎಂಬ ಪದ್ಧತಿಯಿಂದ ಪ್ರತಿಯೊಂದು ಬೆರಳೂ ತನ್ನ ಸ್ವರವನ್ನು ತಾನೇ ಬಾಗಿಸಬಲ್ಲುದು, ಸರ್ಜ್ ಮತ್ತು ವೈಟಲ್ ಎರಡೂ ಇದನ್ನು ಬಲ್ಲವು.

ಬಿಟ್ಟವುಗಳಲ್ಲಿ ಗೌರವಕ್ಕೆ ಅರ್ಹವಾದುವು ಇಲ್ಲವೆಂದಲ್ಲ. ಬರ್ಲಿನ್ನಿನ ಊ-ಹೆ ಸಂಸ್ಥೆಯ ಡಿವಾ, ಹಳೆಯ ವಿದ್ಯುತ್ ಯಂತ್ರಗಳ ಬೆಚ್ಚನೆಯ ಕಂಠವನ್ನು ಅದ್ಭುತವಾಗಿ ತರುವುದು, ಆದರೆ ಅದಕ್ಕೆ ಹಣವೂ ಬೇಕು, ಬಲವಾದ ಕಂಪ್ಯೂಟರೂ ಬೇಕು. ಫ್ರಾನ್ಸಿನ ತುಲೂಸ್ ನಗರದ ಪಿಯಾನೋಟೆಕ್, ಮುದ್ರಿಕೆಗಳ ಹಂಗಿಲ್ಲದೆ ಪಿಯಾನೋವಿನ ತಂತಿ, ಸುತ್ತಿಗೆ, ಹಲಗೆಗಳ ಭೌತಶಾಸ್ತ್ರವನ್ನೇ ಲೆಕ್ಕಹಾಕಿ ನುಡಿಸುವ ಮಹತ್ಕೃತಿ. ನನ್ನ ಸಂಗೀತದಲ್ಲಿ ಪಿಯಾನೋವಿಗೆ ಸ್ಥಾನವಿಲ್ಲದುದರಿಂದ ಮಾತ್ರ ಅದನ್ನು ಬಿಟ್ಟೆನು. ರುಮೇನಿಯಾದ ನಾಸ್ಕಾ ಒಕ್ಟಾವಿಯನ್ ಪಾಲ್ ಅವರ ಜಿನ್‌ಆಡ್‌ಸಬ್‌ಎಫ್‌ಎಕ್ಸ್ ಎಂಬುದು ಸಂಜೆಯ ಮಂಜಿನಂಥ ಹಿನ್ನೆಲೆಯ ನಾದವನ್ನು ಹುಟ್ಟಿಸುವುದರಲ್ಲಿ ಈಗಲೂ ಅಸಮಾನವಾದುದು, ಉಚಿತವಾದುದೂ ಹೌದು. ನಾಲ್ಕನೆಯದಕ್ಕೆ ಎಂದಾದರೂ ಎಡೆಯಾದರೆ ಅದನ್ನೇ ಕರೆದುಕೊಳ್ಳುವೆನು.

ಸರ್ಜ್ ಎಕ್ಸ್‌ಟಿಯೂ ಡೆಕ್ಸೆಡ್ ಸಹ ಪೂರ್ತಿಯಾಗಿ ಉಚಿತ, ವೈಟಲ್‌ನ ಮೂಲರೂಪವೂ ಉಚಿತ. ಆದುದರಿಂದ ಆಯ್ಕೆಯ ಪ್ರಶ್ನೆಯು ಹಣದ್ದಲ್ಲ, ಕಿವಿಯದು. ಆಸಕ್ತರಾದ ಕಿರಿಯರಿಗೆ ನನ್ನ ಸಲಹೆಯಿಷ್ಟು. ಯಾವುದಾದರೂ ಒಂದನ್ನು ತೆರೆದು, ಸಿದ್ಧನಾದಗಳ ಪಟ್ಟಿಯನ್ನು ಮುಚ್ಚಿಟ್ಟು, ಬರಿಯ ಒಂದು ತರಂಗದಿಂದ ಆರಂಭಿಸಿ ಷಡ್ಜ ಪಂಚಮಗಳನ್ನು ಮಾತ್ರ ಕೂಡಿಸಿ, ಕಿವಿಗೆ ಹಿತವಾಗುವ ವರೆಗೆ ಆ ಎರಡು ಸ್ವರಗಳನ್ನೇ ತಿದ್ದುತ್ತಿರಬೇಕು.

ಹಿರಿಯರಾದ ವೈಣಿಕರಲ್ಲಿ ಬೇರೊಂದು ಪ್ರಾರ್ಥನೆಯಿದೆ. ನಮ್ಮ ವೀಣೆಯ 24 ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುವವರು ಅಳತೆಪಟ್ಟಿಯೊಂದನ್ನೇ ನಂಬದೆ ತಮ್ಮ ಕಿವಿಯನ್ನು ನಂಬಿ ಕೂರಿಸುತ್ತಾರೆ. ಒಂದೊಂದು ವೀಣೆಯ ಗಾಂಧಾರ ನಿಷಾದಗಳಲ್ಲಿಯೂ ಅದನ್ನು ಕಟ್ಟಿದವನ ಮತ್ತು ನುಡಿಸಿದವನ ಕಿವಿಯು ಉಳಿದಿರುತ್ತದೆ. ಮೇಣವು ಸವೆದು ಮತ್ತೆ ಮೇಣ ಕಟ್ಟುವಾಗ ಆ ಸ್ಥಾನಗಳು ಬದಲಾಗಿಬಿಡುತ್ತವೆ. ಇಂದು ಮೊಬೈಲಿನಲ್ಲಿರುವ ಶ್ರುತಿಮಾಪಕವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಮೆಟ್ಟಿಲನ್ನೂ ಮೀಟಿ ಅಳೆದು ಬರೆದುಕೊಳ್ಳುವುದು ಒಂದು ಮಧ್ಯಾಹ್ನದ ಕೆಲಸ. ಅದರಲ್ಲಿ ಒಂದು ಸ್ಥಾಯಿಯ ಹನ್ನೆರಡು ಸ್ಥಾನಗಳನ್ನು ಸ್ಕಾಲಾ ಕಡತವಾಗಿ ಬರೆದಿಡುವುದಕ್ಕೆ ಹದಿನೈದು ಸಾಲುಗಳು ಸಾಕು. ನಿಮ್ಮ ಮನೆಯ ವೀಣೆಗೆ ಮುಂದಿನ ಸಲ ಮೇಣ ಕಟ್ಟಿಸುವ ಮೊದಲು ದಯವಿಟ್ಟು ಆ ಹದಿನೈದು ಸಾಲುಗಳನ್ನು ಬರೆದಿಡಿ.